ಗೆಲ್ಲುವ ತನಕ ಗ್ಯಾರೇಜಿನ ಮೇಲೆ

ಬರ್ನಿಸ್: ನೀನು ಇಳೀತೀಯೋ, ಇಲ್ಲ ನಾನೇ ಹತ್ತಿ ಬರಲೋ?

ಲೆನ್ನಿ: ಬರೋದಾದ್ರೆ ಬಿಸಿಯಾಗಿ ಏನಾದ್ರೂ ಹಿಡ್ಕೊಂಡು ಬಾ. ಇಳಿಯೋ ಮಾತು ಮಾತ್ರ ಎತ್ತಬೇಡ. ಆಟ ಶುರುವಾಗೋ ಹೊತ್ತಾಯ್ತು.

ಗ್ಯಾರೇಜಿನ ಚಪ್ಪಟೆ ಛಾವಣಿಯ ಮೇಲೆ ಒಂದು ಗುಡಾರ, ಗುಡಾರದ ಬಾಯಲ್ಲಿ ಪುಟ್ಟ ಟಿವಿ, ಟಿವಿಯ ಮುಂದೆ ಜಿಂಕೆ ಬೇಟೆಯ ದಪ್ಪ ಅಂಗಿ ತೊಟ್ಟ ಲೆನ್ನಿ. ಕೆಳಗೆ ಏಣಿಯ ಬುಡದಲ್ಲಿ ಅವನ ಹೆಂಡತಿ ಬರ್ನಿಸ್. ಸೆಪ್ಟೆಂಬರಿನಲ್ಲಿ ಈ ಮಹಾನುಭಾವ ಬೀದಿ ಕೊನೆಯ ಬಾರಿನಲ್ಲಿ ನಾಲ್ಕು ಜನರ ಮುಂದೆ ಆಣೆ ಇಟ್ಟಿದ್ದ: ನಮ್ಮ ಸ್ಟೋಕರ್ಸ್ ಒಂದೇ ಒಂದು ಪಂದ್ಯ ಗೆಲ್ಲುವ ತನಕ ನನ್ನ ಕಾಲು ನೆಲ ಮುಟ್ಟುವುದಿಲ್ಲ. ಈಗ ನವೆಂಬರ್ ಮುಗಿಯುತ್ತ ಬಂದಿತ್ತು. ಈರಿ ಸರೋವರದ ಕಡೆಯಿಂದ ಹಿಮ ಬೀಳತೊಡಗಿತ್ತು, ಊರಿನ ಅಮೆರಿಕನ್ ಫುಟ್‌ಬಾಲ್ ತಂಡವಾದ ಸ್ಟೋಕರ್ಸ್ ಸೋಲುತ್ತಲೇ ಇದ್ದರು. ಸ್ನಾನಕ್ಕೆ, ಶೌಚಕ್ಕೆ ಲೆನ್ನಿ ಗ್ಯಾರೇಜಿಗೆ ತಾಗಿದ ಮನೆಯ ಮಹಡಿ ಕಿಟಕಿಯಲ್ಲಿ ನುಸುಳಿ ಬಚ್ಚಲಿಗೆ ಹೋಗುತ್ತಿದ್ದ. ಮಹಡಿ ನೆಲವಲ್ಲ ಅನ್ನುವುದು ಅವನ ವಾದ. ಅದನ್ನು ಪಾದ್ರಿಯವರನ್ನೂ ಕೇಳಿ ಖಚಿತ ಮಾಡಿಕೊಂಡಿದ್ದ.

ಇಷ್ಟೇ ಆಗಿದ್ದರೆ ಬರ್ನಿಸ್ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಮೊದಲ ಎರಡು ವಾರ ಅವಳಿಗೆ ಒಳ್ಳೆಯ ನಿದ್ದೆಯೇ ಬಂದಿತ್ತು. ಆದರೆ ಈ ನಡುವೆ ಮಗಳು ಪೌಲಾ ಹೆತ್ತು, ಮಗುವಿನೊಂದಿಗೆ ತವರಿಗೆ ಬಂದಿದ್ದಳು. ಅಪ್ಪನ ಹಠ ಮಗಳಿಗೂ ಬಂದಿತ್ತು. ತಾತ ನೆಲಕ್ಕೆ ಇಳಿದ ದಿನ ಮೊಮ್ಮಗಳು ತಾತನ ಕೈಗೆ, ಅಲ್ಲಿಯ ತನಕ ಇಲ್ಲ ಅಂದುಬಿಟ್ಟಿದ್ದಳು. ಲೆನ್ನಿ ರಾತ್ರಿ ಗೋಡೆಗೆ ಕಿವಿಯಿಟ್ಟು ಮಗುವಿನ ಅಳು ಕೇಳಿಸಿಕೊಳ್ಳುತ್ತಿದ್ದ. ಬರುವ ಶನಿವಾರ ಇಗರ್ಜಿಯಲ್ಲಿ ಮಗುವಿನ ಜ್ಞಾನಸ್ನಾನ.

ಬರ್ನಿಸ್: ಶನಿವಾರ ಮಗೂನ ಯಾರು ಎತ್ಕೊಂಡು ಹೋಗೋದು ಹಾಗಾದ್ರೆ? ಪಕ್ಕದ ಮನೆ ಯೂಜೀನನ್ನ ಕರೀಲಾ?

ಲೆನ್ನಿ: ಯೂಜೀನಾ? ಅವನಿಗೆ ಒಂದು ಕುಂಬಳಕಾಯಿ ಎತ್ತೋಕೆ ಬರಲ್ಲ.

ಬರ್ನಿಸ್: ಅವನ ಕಾಲು ನೆಲದ ಮೇಲಿದೆ. ನನಗಷ್ಟು ಸಾಕು. ಎಲ್ಲ ನಿನ್ನ ಸ್ಟೋಕರ್ಸ್‌ನ ಆ ಟ್ರಸ್ಕ್ ಹುಡುಗನಿಂದ. ಅವನನ್ನ ಬೆಂಚಿಗೆ ಕಳಿಸಿ ಹಳೇ ಹೆಂಡ್ರಿಕ್ಸನ್ನನ್ನ ಆಡ್ಸಿದ್ರೆ ನೀನು ಎಂದೋ ಇಳಿದಿರ್ತಿದ್ದೆ.

ಲೆನ್ನಿ: ಹೆಂಡ್ರಿಕ್ಸನ್ ಮಂಡಿ ಬಗ್ಗಿಸಬೇಕಾದ್ರೆ ಮುಹೂರ್ತ ನೋಡ್ಬೇಕು.

ಬರ್ನಿಸ್: ಟ್ರಸ್ಕ್ ಮಂಡಿ ನೆಟ್ಟಗಿದೆ, ಕಣ್ಣು? ಹಳದಿ ಅಂಗಿಯವರು ನಮ್ಮವರು, ನೀಲಿಯವರು ಎದುರಾಳಿಗಳು ಅಂತ ಅವನಿಗೆ ಯಾರಾದ್ರೂ ಹೇಳಿದ್ದಾರಾ? ಎಸೆದ ಚೆಂಡೆಲ್ಲ ಎದುರಾಳಿ ಕೈಗೇ. ಪುಣ್ಯಾತ್ಮ, ದಾನಕ್ಕೆ ಕೂತಿದ್ದಾನೆ.

ಲೆನ್ನಿ: ಮೊದಲನೇ ವರ್ಷ ಕಣೆ ಅವನಿಗೆ. ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕ್‌ಗಳೆಲ್ಲ ಮೊದಲನೇ ವರ್ಷ ಹಾಗೇ. ಮುಂದೆ ನಿಂತು ಕಾಯಬೇಕಾದ ಐದು ಜನ ದಢಿಯರು ಪಕ್ಕಕ್ಕೆ ಸರಿದು ಎದುರಾಳಿಗೆ ಬನ್ನಿ ಬನ್ನಿ ಅಂತಾರೆ. ಹುಡುಗ ಬೀಳ್ತಾನೆ. ಆದ್ರೆ ಏಳ್ತಾನೆ ನೋಡು, ಅದನ್ನ ನೋಡು ನೀನು.

ಬರ್ನಿಸ್: ಬೀಳೋದನ್ನೇ ನೋಡಿ ಮುಗಿದಿಲ್ಲ, ಏಳೋದನ್ನ ಯಾವಾಗ ನೋಡ್ಲಿ?

ಅಷ್ಟರಲ್ಲಿ ಬೇಲಿ ದಾಟಿ ಪಕ್ಕದ ಮನೆಯ ಯೂಜೀನ್ ಬಂದ. ಏಣಿ ಅವನದು. ಸೆಪ್ಟೆಂಬರಿನಲ್ಲಿ ಒಂದು ಗಳಿಗೆಗೆ ಕೊಡು ಅಂತ ಲೆನ್ನಿ ಇಸಿದುಕೊಂಡಿದ್ದ. ಏಣಿಯಿಲ್ಲದೆ ಯೂಜೀನನ ಸೂರಿನ ಮಳೆನೀರ ದೋಣಿಯಲ್ಲಿ ಮೇಪಲ್ ಎಲೆ ತುಂಬಿ, ಎಲೆಯ ಮೇಲೆ ಈಗ ಮಂಜುಗಡ್ಡೆ ಕಟ್ಟಿತ್ತು.

ಲೆನ್ನಿ: ಯೂಜೀನ್, ಮಗು ಹೇಗಿದೆ? ಬೆಳಿಗ್ಗೆ ಒಳಗೆ ಹೋಗಿದ್ಯಲ್ಲ, ನೋಡಿದ್ಯಾ?

ಯೂಜೀನ್: ಆ ಟ್ರಸ್ಕ್ ಮಗೂಗಾ? ಭುಜ ಇನ್ನೂ ನೋವಂತೆ. ಪಟ್ಟಿ ಕಟ್ಕೊಂಡು ಆಡಿಸ್ತಾರಂತೆ.

ಲೆನ್ನಿ: ಮೊಮ್ಮಗಳ ವಿಷಯ ಕೇಳಿದ್ದು ನಾನು.

ಯೂಜೀನ್: ಓ, ಅವಳಾ. ಚೆನ್ನಾಗಿದಾಳೆ. ನಿನ್ನ ಮೂಗು ಬಂದಿದೆ, ಪಾಪ. ನೋಡು ಲೆನ್ನಿ, ನನಗೆ ಟ್ರಸ್ಕ್ ಆದ್ರೂ ಸರಿ, ಹೆಂಡ್ರಿಕ್ಸನ್ ಆದ್ರೂ ಸರಿ, ಅವರಜ್ಜಿ ಆಡಿದ್ರೂ ಸರಿ. ನನ್ನ ಏಣಿ ನನಗೆ ಬೇಕು.

ನನ್ನ ಮೂಗಾ, ಅಂತ ಲೆನ್ನಿ ಮೆಲ್ಲಗೆ ತನಗೇ ಹೇಳಿಕೊಂಡ. ಬರ್ನಿಸ್‌ಗೆ ಅದು ಕೇಳಿಸಿತು. ತೋರಿಸಿಕೊಳ್ಳಲಿಲ್ಲ. ಒಳಗೆ ಹೋಗಿ, ಆಲೂಗೆಡ್ಡೆ ತುಂಬಿದ ಪಿಯೆರೋಗಿ ಕಡುಬನ್ನು ಬೆಣ್ಣೆಯಲ್ಲಿ ಹೊರಳಿಸಿ ಡಬ್ಬಿಗೆ ಹಾಕಿಕೊಂಡು ಬಂದು, ಇವತ್ತು ಇದೊಂದು ಇತ್ಯರ್ಥ ಆಗಲೇಬೇಕೆಂದು ಏಣಿ ಹತ್ತಿದಳು. ಜಗಳ ಮುಂದುವರಿಸಲು ಕೂತವಳು ಟಿವಿಯ ಮುಂದೆ ಹಾಗೇ ಕೂತುಬಿಟ್ಟಳು.

ಟ್ರಸ್ಕ್ ತನ್ನ ಲಕ್ಷಣ ಬಿಡಲಿಲ್ಲ. ಮೊದಲ ಎಸೆತವೇ ನೀಲಿ ಅಂಗಿಯವನ ಎದೆಗೆ ಹೋಗಿ ಕೂತಿತು. ಕಡುಬು ಬಾಯಲ್ಲಿದ್ದುದರಿಂದ ಬರ್ನಿಸ್ ಹುಬ್ಬು ಹಾರಿಸಿ ಗಂಡನನ್ನು ನೋಡಿದಳು, ಗಂಡ ಸರೋವರದ ಕಡೆ ನೋಡಿದ. ಆಮೇಲೆ ಗೂಳಿಯಂಥ ಇಬ್ಬರು ಬಂದು ಹುಡುಗನನ್ನು ನೆಲಕ್ಕೆ ಅಪ್ಪಳಿಸಿದರು. ಅವನು ಸ್ವಲ್ಪ ಹೊತ್ತು ಏಳಲೇ ಇಲ್ಲ.

ಬರ್ನಿಸ್: ಇವನಿಗೆ ತಾಯಿ ಇದ್ದಾಳಾ?

ಲೆನ್ನಿ: ಇರ್ತಾಳೆ. ಯಾಕೆ?

ಬರ್ನಿಸ್: ನೋಡ್ತಿರ್ತಾಳೆ ಅಂತ.

ಹುಡುಗ ಎದ್ದ. ಹೆಲ್ಮೆಟ್ ನೆಟ್ಟಗೆ ಮಾಡಿಕೊಂಡು, ತನ್ನ ಕಡೆಯ ಆ ಐದು ಜನ ದಢಿಯರ ಬೆನ್ನನ್ನು ಒಬ್ಬೊಬ್ಬರದಾಗಿ ತಟ್ಟಿ ಬಂದ. ಬರ್ನಿಸ್ ಡಬ್ಬಿ ಮುಚ್ಚಿಟ್ಟಳು. ಆಮೇಲೆ ಅವಳು ಆಡಿದ ಮಾತೆಲ್ಲ ಟಿವಿಯ ಜೊತೆಗೆ.

ಕೊನೆಗೆ ಐದು ನಿಮಿಷ ಉಳಿದು ಸ್ಟೋಕರ್ಸ್ ಏಳು ಅಂಕ ಹಿಂದಿದ್ದಾಗ, ಟ್ರಸ್ಕ್ ಯಾರೂ ಇಲ್ಲದ ಕಡೆ ಒಂದು ಚೆಂಡು ಎಸೆದ. ಅದೇ ಹೊತ್ತಿಗೆ ಗೋಡೆಯಾಚೆ ಮಗು ಅತ್ತಿತು. ಲೆನ್ನಿ ಮುಖ ಮುಚ್ಚಿಕೊಂಡ.

ಲೆನ್ನಿ: ತೆಗೀರಯ್ಯ ಅವನನ್ನ. ಹೆಂಡ್ರಿಕ್ಸನ್ನನ್ನ ಇಳಿಸ್ರಿ. ನನ್ನ ಕೈಲಿ ಇನ್ನು ಆಗಲ್ಲ.

ಬರ್ನಿಸ್: ಬಾಯಿ ಮುಚ್ಚು.

ಲೆನ್ನಿ: ನೀನೇ ತಾನೆ ಇಷ್ಟು ದಿನ ಹೇಳ್ತಿದ್ದಿದ್ದು?

ಬರ್ನಿಸ್: ಇಷ್ಟು ದಿನ ಹೆಂಡ್ತಿ ಮಾತು ಕೇಳಲಿಲ್ಲ, ಈಗ ಕೇಳೋ ಹೊತ್ತಾ ಇದು? ಏಟು ತಿಂದು ತಿಂದು ಹುಡುಗ ಈಗ ಹದಕ್ಕೆ ಬಂದಿದ್ದಾನೆ. ಅವನನ್ನ ತೆಗೆದ್ರೆ ನಾನೂ ಇಲ್ಲೇ ಗುಡಾರ ಹಾಕ್ತೀನಿ.

ಆ ಬೆದರಿಕೆ ಮೈದಾನಕ್ಕೆ ಮುಟ್ಟಿತೋ ಏನೋ. ಕೊನೆಯ ಗಳಿಗೆಯಲ್ಲಿ ಎಸೆಯಲು ದಾರಿ ಕಾಣದೆ ಟ್ರಸ್ಕ್ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ತಾನೇ ಓಡಿದ, ಇಬ್ಬರಿಂದ ನುಣುಚಿಕೊಂಡ, ಗೆರೆಯಾಚೆ ಬೋರಲು ಬಿದ್ದ. ಬರ್ನಿಸ್ ಕುಣಿದಳು, ಛಾವಣಿ ನಡುಗಿತು. ಗೆರೆ ದಾಟಿದ್ದಕ್ಕೆ ಆರು, ಅದರ ಮೇಲಿನ ಒದೆತಕ್ಕೆ ಒಂದು, ಅಂಕ ಸಮವಾಯಿತು. ಹೆಚ್ಚಿಗೆ ಹೊತ್ತು ಕೊಟ್ಟು ಆಡಿಸಿದರು, ಆಗಲೂ ಸಮವೇ. ಎಲ್ಲರೂ ಕೈಕುಲುಕಿ ಮನೆಗೆ ಹೊರಟರು. ಈ ಆಟದಲ್ಲಿ ಅಪರೂಪಕ್ಕೆ ಹಾಗೂ ಆಗುವುದುಂಟು.

ಛಾವಣಿಯ ಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡರು.

ಬರ್ನಿಸ್: ಸೋತ್ರಾ?

ಲೆನ್ನಿ: ಇಲ್ಲ.

ಬರ್ನಿಸ್: ಮತ್ತೇನು, ಇಳಿ.

ಲೆನ್ನಿ: ಗೆದ್ದೂ ಇಲ್ವಲ್ಲ. ಗೆಲ್ಲೋ ತನಕ ಅಂದಿದ್ದೀನಿ, ಬಾರಲ್ಲಿ ಎಲ್ಲರೂ ಕೇಳಿಸ್ಕೊಂಡಿದ್ದಾರೆ.

ಯೂಜೀನ್ ಕೆಳಗಿನಿಂದ ತೀರ್ಪು ಕೊಟ್ಟ. ಅರ್ಧ ಗೆಲುವಿಗೆ ಅರ್ಧ ಇಳಿದರೆ ಆಣೆಗೆ ಭಂಗವಿಲ್ಲ ಅಂದ. ಲೆನ್ನಿ ಬಹಳ ಯೋಚಿಸಿ ಒಪ್ಪಿದ. ಬರ್ನಿಸ್ ಮೊದಲು ಇಳಿದಳು. ಅವಳ ಹಿಂದೆ ಅವನು ಏಣಿಯ ನಟ್ಟನಡುವಿನ ತನಕ ಬಂದು, ಅಲ್ಲೇ ತಿರುಗಿ ಕೂತ. ಆಗ ಪೌಲಾ ಬಾಗಿಲು ತೆರೆದು ಹೊರಬಂದಳು, ತೋಳಲ್ಲಿ ಕಂಬಳಿ ಸುತ್ತಿದ ಮಗು.

ಪೌಲಾ: ಅಪ್ಪ ಅರ್ಧ ಬಂದ್ರೆ ನಾನೂ ಅರ್ಧ ಬರ್ತೀನಿ. ಹುಷಾರು, ಎರಡೂ ಕೈಲಿ ಹಿಡ್ಕೋ. ನಿನ್ನ ಟ್ರಸ್ಕ್ ತರ ಅಲ್ಲ.

ಮಗುವನ್ನು ಮೇಲಕ್ಕೆತ್ತಿದಳು. ಲೆನ್ನಿ ಎರಡೂ ಕೈ ಚಾಚಿ ತೆಗೆದುಕೊಂಡ. ಮಗು ಕಣ್ಣು ಬಿಟ್ಟು ಅವನ ಮೂಗನ್ನೇ ನೋಡಿತು. ಅವನ ಕಣ್ಣು ತುಂಬಿ ಬಂತು. ಮುಖಕ್ಕೆ ಹಿಮ ಬೀಳದ ಹಾಗೆ ಮಗುವನ್ನು ಅಂಗಿಯೊಳಗೆ ಅವುಚಿಕೊಂಡ. ಮಗುವನ್ನೇ ನೋಡುತ್ತ ಕಾಲಿನಿಂದ ಒಂದು ಮೆಟ್ಟಿಲು ತಡವಿದ, ಮತ್ತೊಂದು ತಡವಿದ. ಹಾಗೇ ಮೆಟ್ಟಿಲು ಮುಗಿದು ಅವನ ಬೂಟು ಹಿಮದಲ್ಲಿ ಹೂತಿತು. ಅದು ಅವನಿಗೆ ಗೊತ್ತಾಗಲಿಲ್ಲ. ಬರ್ನಿಸ್ ತುಟಿಯ ಮೇಲೆ ಬೆರಳಿಟ್ಟಳು. ಯೂಜೀನ್ ಸದ್ದು ಮಾಡದೆ ಏಣಿಯನ್ನು ಹೆಗಲಿಗೇರಿಸಿ ಬೇಲಿ ದಾಟಿದ.

ಎಷ್ಟೋ ಹೊತ್ತಿನ ಮೇಲೆ ಲೆನ್ನಿ ತಲೆಯೆತ್ತಿದ. ಮೊದಲು ಕಾಲು ನೋಡಿಕೊಂಡ, ಆಮೇಲೆ ಗೋಡೆ ನೋಡಿದ.

ಲೆನ್ನಿ: ಏಣಿ ಎಲ್ಲಿ?

ಬರ್ನಿಸ್: ಎದುರಾಳಿ ಕೈಗೆ ಹೋಯ್ತು. ಮೊದಲನೇ ವರ್ಷದ ತಾತ ಅಲ್ವಾ, ಎಲ್ಲರಿಗೂ ಹಾಗೇ ಆಗುತ್ತೆ. ಒಳಗೆ ನಡಿ.