ಮುಸ್ತಕೀಮನ ಸರ್ವರ್, ಮಹಾಂತಮ್ಮನವರ ಹಿಟ್ಟು

ಕೋಡ್ ಇಟ್ಟುಕೊಳ್ಳುವುದಕ್ಕೆ, ಅದನ್ನು ಪರೀಕ್ಷಿಸಿ ಬಿಲ್ಡ್ ಮಾಡುವುದಕ್ಕೆ, ಅಂದರೆ ಓಡುವ ಸಾಫ್ಟ್‌ವೇರ್ ಆಗಿ ಕಟ್ಟುವುದಕ್ಕೆ, ಕ್ಲೌಡ್ ಕಂಪನಿಗೆ ಕಟ್ಟುವ ಬಾಡಿಗೆ ತಿಂಗಳಿಗೆ ಹನ್ನೊಂದು ಸಾವಿರದ ಇನ್ನೂರು. ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿಗೆ ಹದಿನಾಲ್ಕು ಸಾವಿರ, ಹೊಸ ಡಿಸ್ಕಿಗೆ ಮೂರು ಸಾವಿರದ ಎಂಟುನೂರು, ಯುಪಿಎಸ್‌ಗೆ ನಾಲ್ಕೂವರೆ ಸಾವಿರ. ಎರಡು ತಿಂಗಳ ಬಾಡಿಗೆ ಉಳಿದರೆ ಯಂತ್ರ ಪುಕ್ಕಟೆ. ಮುಸ್ತಕೀಮ್ ಈ ಲೆಕ್ಕವನ್ನು ಹಾಳೆಯಲ್ಲಿ ಬರೆದು ತೋರಿಸಿದಾಗ ಮಾಲೀಕ ರೇಣುಕಾಪ್ರಸಾದ್ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು.

ಅವರದು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ, ಟೈರ್ ಅಂಗಡಿಯ ಮೇಲೆ, ಲಾರಿಗಳ ತೂಕದ ಚೀಟಿ ಬರೆಯುವ ಸಾಫ್ಟ್‌ವೇರ್ ತಯಾರಿಸುವ ಸಣ್ಣ ಕಂಪನಿ. ಶೀಟಿನ ಮಾಡು, ಮಧ್ಯಾಹ್ನ ಕಂಪ್ಯೂಟರುಗಳಿಗಿಂತ ಮೊದಲು ಮನುಷ್ಯರು ಹ್ಯಾಂಗ್ ಆಗುತ್ತಿದ್ದರು. ಆದ್ದರಿಂದ ಯಂತ್ರವನ್ನು ಭದ್ರಾವತಿಯ ನ್ಯೂ ಟೌನಿನಲ್ಲಿರುವ ತನ್ನ ಹಳೇಕಾಲದ ಮನೆಯಲ್ಲಿ, ತಾನು ಮಲಗುವ ದಪ್ಪ ಗೋಡೆಯ ಕೋಣೆಯಲ್ಲಿ ಇಡೋಣವೆಂದು ಮುಸ್ತಕೀಮನೇ ಹೇಳಿದ. ಹಾಳೆಯಲ್ಲಿ ಬರೆಯದ ಲೆಕ್ಕ ಬೇರೆಯಿತ್ತು. ಯಂತ್ರ ಮನೆಯಲ್ಲಿದ್ದರೆ ಅದನ್ನು ನೋಡಿಕೊಳ್ಳಲು ತಾನೂ ಮನೆಯಲ್ಲೇ ಇರಬೇಕಾಗುತ್ತದೆ. ಒಂಬತ್ತು ವರ್ಷ ದಿನಕ್ಕೆರಡು ಸಲ ಬಸ್ಸಿನ ಕಂಬಿ ಹಿಡಿದು ನಿಂತು ಅವನ ಬಲಗೈ ಎಡಗೈಗಿಂತ ಉದ್ದವಾದಂತೆ ಕಾಣುತ್ತಿತ್ತು.

ರೇಣುಕಾಪ್ರಸಾದ್ ಒಂದು ದಿನದ ಪರೀಕ್ಷೆ ಇಟ್ಟರು. ಶನಿವಾರ ಮುಸ್ತಕೀಮ್ ಆಫೀಸಿನಲ್ಲಿ ಅವರ ಕಣ್ಣೆದುರು ಇರಬೇಕು, ಯಂತ್ರ ಭದ್ರಾವತಿಯಲ್ಲಿ ತನ್ನಷ್ಟಕ್ಕೆ ನಡೆಯಬೇಕು. ಸಂಜೆ ಐದರವರೆಗೆ ಯಾರು ಕೋಡ್ ಕಳಿಸಿದರೂ ಬಿಲ್ಡ್ ಆದರೆ, ಸೋಮವಾರದಿಂದ ಅವನಿಗೆ ಬಸ್ಸಿಲ್ಲ. ಆಗದಿದ್ದರೆ ಯಂತ್ರದ ದುಡ್ಡು ಸಂಬಳದಲ್ಲಿ ಕಡಿತ.

ಮುಸ್ತಕೀಮ್ ಎಲ್ಲ ಸಿದ್ಧಮಾಡಿದ್ದ. ಟಿಫಿನ್ ಕ್ಯಾರಿಯರಿನ ಡಬ್ಬಿಗಳ ಹಾಗೆ ಒಂದೇ ಯಂತ್ರದೊಳಗೆ ಬೇರೆ ಬೇರೆ ಕಂಟೇನರುಗಳು. ಒಂದರಲ್ಲಿ ಕೋಡ್, ಇನ್ನೊಂದರಲ್ಲಿ ಬಿಲ್ಡ್ ಮಾಡುವ ಸರ್ವರ್. ಸಾರು ಪಲ್ಯಕ್ಕೆ ಚೆಲ್ಲುವ ಭಯವಿಲ್ಲ.

ಶನಿವಾರ ಹತ್ತೂಕಾಲಿಗೆ ಎರಡು ಡಬ್ಬಿಯೂ ಪರದೆಯಿಂದ ಕಾಣೆಯಾದವು. ಮುಸ್ತಕೀಮ್ ಮೆಟ್ಟಿಲ ಕೆಳಗೆ ಓಡಿ ತಾಯಿ ಅಖ್ತರ್ ಬೀಗೆ ಫೋನ್ ಮಾಡಿದ. ಅವರು ತಂಗಿಯ ಮನೆಗೆ ಹೊರಟು ಬಸ್ಸಿನಲ್ಲಿದ್ದರು. ಹೊರಡುವಾಗ ಮೇನ್ ಸ್ವಿಚ್ ಆರಿಸುವುದು ಅವರ ಮೂವತ್ತು ವರ್ಷದ ಪದ್ಧತಿ. ಯುಪಿಎಸ್ ಕೀಕೀ ಎಂದು ಅರಚಿದಾಗ ಅದರ ಬಾಯಿಯನ್ನೂ ಮುಚ್ಚಿದ್ದರು.

"ಮನೇಲಿ ಯಾರೂ ಇಲ್ದಾಗ ಕರೆಂಟು ಯಾರಿಗೆ ಬೇಕು ಬೇಟಾ?"

ಪಕ್ಕದ ಮನೆಯ ಮಹಾಂತಮ್ಮನವರ ಹತ್ತಿರ ಒಂದು ಬೀಗದ ಕೈ ಇರುತ್ತಿತ್ತು. ಅವರು ಹೋಗಿ ಎಲ್ಲ ಸ್ವಿಚ್ ಹಾಕಿದರು. ಯಂತ್ರವೇನೋ ಎದ್ದಿತು, ಒಳಗಿನ ಕಂಟೇನರುಗಳು ಏಳಲಿಲ್ಲ. ಕರೆಂಟು ಬಂದಾಗ ತಾವಾಗಿ ಏಳಬೇಕೆಂದು ಒಂದು ಸಾಲು ಬರೆಯುವುದನ್ನು ಅವನು ಮರೆತಿದ್ದ. ಅಷ್ಟರಲ್ಲಿ ಸಹೋದ್ಯೋಗಿ ಸೌಂದರ್ಯ ಕೋಡ್ ಕಳಿಸಲು ಕೈ ಎತ್ತಿದ್ದಳು. ಅವಳನ್ನು ಬಲವಂತವಾಗಿ ಟೀಗೆ ಕರೆದೊಯ್ದು, ಮೇಲೊಂದು ಬನ್ನು ಕೊಡಿಸಿ, ಮೇಜಿನ ಕೆಳಗೆ ಮೊಬೈಲಿನಲ್ಲಿ ಆ ಸಾಲು ಬರೆದು ಎರಡನ್ನೂ ಎಬ್ಬಿಸಿದ. ಎಂದೂ ಟೀ ಕೊಡಿಸದ ಮನುಷ್ಯನನ್ನು ಅವಳು ಬನ್ನು ಮುಗಿಯುವವರೆಗೂ ಅನುಮಾನದಿಂದ ನೋಡಿದಳು.

ಹನ್ನೆರಡಕ್ಕೆ ಬಿಲ್ಡುಗಳು ಏರು ಹತ್ತುವ ಲೋಡ್ ಲಾರಿಯಂತೆ ತೆವಳತೊಡಗಿದವು. ಯಂತ್ರದ ಬಿಸಿ ತೊಂಬತ್ತು ಡಿಗ್ರಿ ದಾಟಿತ್ತು. ಮುಸ್ತಕೀಮ್ ಮತ್ತೆ ಮೆಟ್ಟಿಲ ಕೆಳಗಿಂದ ಫೋನ್ ಮಾಡಿದಾಗ ಸಂಗತಿ ಹೊರಬಿತ್ತು. ಸಂಜೆ ಮಹಾಂತಮ್ಮನವರ ಮಗಳು ಸಮತಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಪಡ್ಡಿಗೆಂದು ರುಬ್ಬಿದ ಹಿಟ್ಟು ಚಳಿಗೆ ಉಬ್ಬಿರಲಿಲ್ಲ. ಸ್ವಿಚ್ ಹಾಕಿದ ಮೇಲೆ ಯಂತ್ರ ಬೆಚ್ಚಗಾದದ್ದು ಅವರ ಕೈಗೆ ಗೊತ್ತಾಯಿತು. ಪಾತ್ರೆಯನ್ನು ಅದರ ತಲೆಯ ಮೇಲಿಟ್ಟು, ಎರಡಕ್ಕೂ ಸೇರಿಸಿ ಕಂಬಳಿ ಹೊದಿಸಿದ್ದರು.

"ಕಂಬಳಿ ತೆಗೀರಿ ಆಂಟಿ, ಉಸಿರು ಕಟ್ಟಿ ಸತ್ತು ಹೋಗುತ್ತೆ ಅದು."

"ಒಳ್ಳೇ ಕತೆ ಮಾರಾಯ. ಹಿಟ್ಟು ಈಗ ತಾನೇ ಕಣ್ಣು ಬಿಡ್ತಾ ಇದೆ. ಬಂದವರ ಮುಂದೆ ಕಲ್ಲಿನಂಥ ಪಡ್ಡು ಇಟ್ರೆ ನನ್ನ ಮಗಳ ಗತಿ ಏನು?"

ಕೊನೆಗೆ ರಾಜಿಯಾಯಿತು. ಪಾತ್ರೆ ಯಂತ್ರದ ಹಿಂದೆ, ಫ್ಯಾನಿನ ಬಿಸಿಗಾಳಿ ಬರುವ ಕಡೆ; ಕಂಬಳಿ ಪಾತ್ರೆಗೆ ಮಾತ್ರ. ಯಂತ್ರ ಚೇತರಿಸಿಕೊಂಡಿತು. ಆದರೆ ಒಂದು ಗಂಟೆಗೆ ಮಹಾಂತಮ್ಮನವರೇ ಫೋನ್ ಮಾಡಿ, ಗಾಳಿ ತಣ್ಣಗಾಗಿದೆ, ಹಿಟ್ಟು ನಿಂತುಬಿಟ್ಟಿದೆ, ಹೀಗಾದರೆ ಕಂಬಳಿ ವಾಪಸ್ ಹೊದಿಸುತ್ತೇನೆ ಎಂದರು. ಆಫೀಸಿನವರು ಊಟಕ್ಕೆ ಹೋಗಿದ್ದರಿಂದ ಯಂತ್ರಕ್ಕೆ ಕೆಲಸವಿರಲಿಲ್ಲ; ಕೆಲಸವಿಲ್ಲದೆ ಬಿಸಿಯಿಲ್ಲ. ಮುಸ್ತಕೀಮ್ ಒಂದು ಚುಕ್ಕಿ ಸೇರಿಸಿ ಕೋಡ್ ಕಳಿಸಿದ. ಚುಕ್ಕಿ ತೆಗೆದು ಮತ್ತೆ ಕಳಿಸಿದ. ಮೂರು ಗಂಟೆಯ ಹೊತ್ತಿಗೆ ಮೂವತ್ತೊಂದು ಬಿಲ್ಡ್ ಆಗಿದ್ದವು.

"ಕ್ಲೌಡಲ್ಲಿ ವಾರಕ್ಕೂ ಇಷ್ಟು ಕೆಲಸ ಆಗ್ತಿರಲಿಲ್ಲ," ಎಂದರು ರೇಣುಕಾಪ್ರಸಾದ್. "ನಡೀರಿ, ಅದನ್ನ ಕಣ್ಣಾರೆ ನೋಡ್ಬೇಕು."

ಕಾರು ಭದ್ರಾವತಿ ಮುಟ್ಟಿತು. ಬಿಸಿಗಾಳಿಯ ಸುದ್ದಿ ಅಷ್ಟರಲ್ಲಿ ಓಣಿಯೆಲ್ಲ ಹಬ್ಬಿ ಹೋಗಿತ್ತು. ಕೋಣೆಯಲ್ಲಿ ಯಂತ್ರದ ಹಿಂದೆ ನಾಲ್ಕು ಮನೆಯ ಐದು ಪಾತ್ರೆಗಳು ರೇಷನ್ ಅಂಗಡಿಯ ಸಾಲಿನಂತೆ ಕುಳಿತಿದ್ದವು, ಒಂದರಲ್ಲಿ ಮೊಸರು. ಮರಳಿ ಬಂದಿದ್ದ ಅಖ್ತರ್ ಬೀ ಯಾರೂ ಮುಟ್ಟದಂತೆ ಮೇನ್ ಸ್ವಿಚ್ಚಿನ ಮುಂದೆ ಕುರ್ಚಿ ಹಾಕಿಕೊಂಡಿದ್ದರು. ಮಹಾಂತಮ್ಮ ಬಿಸಿಗಾಳಿಗೆ ಕೈಯೊಡ್ಡಿ ಹದ ನೋಡುತ್ತಿದ್ದರು.

ರೇಣುಕಾಪ್ರಸಾದ್ ಪಾತ್ರೆಗಳನ್ನು ನೋಡಿದರು. ಗೋಡೆ ತಟ್ಟಿದರು. ಕಿಟಕಿಯ ಗಾಳಿಗೆ ಒಂದು ಗಳಿಗೆ ನಿಂತರು. ಬೈಯಲಿಲ್ಲ. ಮಹಾಂತಮ್ಮ ಉಬ್ಬಿದ ಹಿಟ್ಟನ್ನು ಮನೆಗೆ ಒಯ್ದು ಮಾಡಿ ಕಳಿಸಿದ ಪಡ್ಡು ಎರಡು ತಟ್ಟೆ ತಿಂದು ಮುಗಿಸುವಷ್ಟರಲ್ಲಿ ಐದು ಹೊಡೆಯಿತು.

"ಪಾಸಾಯ್ತು ಮುಸ್ತಕೀಮ್. ಇಂಥ ಜಾಗ ಶಿವಮೊಗ್ಗದಲ್ಲಿ ಹುಡುಕಿದ್ರೂ ಸಿಗಲ್ಲ."

ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಆಮೇಲೆ ಮಾಲೀಕರು ಅರ್ಧ ಗಂಟೆ ಜಗುಲಿಯಲ್ಲಿ ಕುಳಿತು ತನ್ನ ತಾಯಿಯೊಂದಿಗೆ ಏನು ಮಾತಾಡಿದರೆಂದು ಕೇಳಲೂ ಇಲ್ಲ.

ಸೋಮವಾರ ಒಂಬತ್ತಕ್ಕೆ ಅವನು ಲುಂಗಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಬಾಗಿಲಿಗೆ ಟೆಂಪೋ ಬಂತು. ಮೂರು ಮೇಜು, ಐದು ಕುರ್ಚಿ. ಹಿಂದೆ ಕಾರಿನಲ್ಲಿ ಸೌಂದರ್ಯ ಮತ್ತು ಉಳಿದವರು. ರೇಣುಕಾಪ್ರಸಾದ್ ಸವಳಂಗ ರಸ್ತೆಯ ಮಹಡಿ ಖಾಲಿ ಮಾಡಿದ್ದರು. ಮೇಜುಗಳು ನೇರ ಯಂತ್ರದ ಕೋಣೆಗೆ ಹೋದವು.

"ಅಮ್ಮಿ, ಅದು ನನ್ನ ಕೋಣೆ," ಎಂದ ಮುಸ್ತಕೀಮ್.

"ಹಗಲೆಲ್ಲ ಖಾಲಿನೇ ಇರುತ್ತಲ್ಲ ಬೇಟಾ. ಬಾಡಿಗೆ ಮಾತಾಗಿದೆ. ನೀನು ಹಾಲ್‌ನಲ್ಲಿ ಮಲಕ್ಕೋ."

ಖಾಲಿ ಯಾಕೆ, ಇನ್ನು ಮೇಲೆ ನಾನೂ ಇಲ್ಲೇ ಇರುತ್ತೇನಲ್ಲ ಎಂದು ಅವನು ಹೇಳುವಾಗ ರೇಣುಕಾಪ್ರಸಾದ್ ಗಂಟಲು ಸರಿಮಾಡಿಕೊಂಡರು. ತಕರಾರು ಹೊತ್ತುಬರುವ ಲಾರಿಯವರು ಬರುವುದು ಶಿವಮೊಗ್ಗಕ್ಕೆ. ಅವರಿಗಾಗಿ ಟೈರ್ ಅಂಗಡಿಯ ಮೂಲೆಯಲ್ಲಿ ಒಂದು ಮೇಜು ಉಳಿಸಿಕೊಂಡಿದ್ದಾರೆ. ಅಲ್ಲಿ ಕೂರಲು ಒಬ್ಬರು ಬೇಕು.

"ನೀವಿಲ್ದೆ ಈ ಯಂತ್ರ ನಡೆಯುತ್ತೆ ಅಂತ ನೀವೇ ತೋರಿಸಿದ್ರಿ. ಇವರಿಗೆಲ್ಲ ಬಸ್ಸು ಗೊತ್ತಿಲ್ಲ, ನನ್ನ ಕಾರಲ್ಲಿ ಬರ್ತಾರೆ. ನಿಮಗೆ ಅಭ್ಯಾಸ ಇದೆಯಲ್ಲ ಮಾರಾಯ್ರೆ."

ಕಂಪನಿಗೆ ಕ್ಲೌಡಿನದು, ಮಹಡಿಯದು, ಎರಡು ಬಾಡಿಗೆ ಉಳಿಯಿತು. ಅಖ್ತರ್ ಬೀಗೆ ತಿಂಗಳಿಗೆ ಮೂರು ಸಾವಿರ ಬಂತು. ಸಮತಾಳ ಮದುವೆ ಗಟ್ಟಿಯಾಯಿತು. ಮುಸ್ತಕೀಮನಿಗೆ ಏನೂ ಸಿಗಲಿಲ್ಲ, ಕೋಣೆ ಹೋಯಿತು.