ಆಯ್ಕೆಯಾಗದವರಿಗೆ ಒಂದು ಶಾಲು

…ಅಥವಾ ಹಾಡುವವರನ್ನು ಆರಿಸಿದ ಆ ದಿನ ನಾನು ಕುರ್ಚಿಯ ಮೇಲೆ ಕೂತೇ ಇರಲಿಲ್ಲವೇನೋ. ಕೂತಿದ್ದೆ, ಅದು ಹಸಿರು ಪ್ಲಾಸ್ಟಿಕ್ ಕುರ್ಚಿ, ಅದರ ಒಂದು ಕಾಲು ಆಗಾಗ ಒಳಕ್ಕೆ ಮಡಚುತ್ತಿತ್ತು ಎಂದು ನೆನಪು ಹೇಳುತ್ತದೆ. ಆದರೆ ಬಂಡೆಪ್ಪನ ಮೊಬೈಲಿನಲ್ಲಿರುವ ಫೋಟೋದಲ್ಲಿ ನಾನು ನಿಂತಿದ್ದೇನೆ. ಕುರ್ಚಿಯ ಮೇಲೆ ತಬಲಾ ಕೂತಿದೆ. ನೆನಪಿಗೂ ಫೋಟೋಕ್ಕೂ ಜಗಳ ಬಂದರೆ ಫೋಟೋದ ಪರ ನಿಲ್ಲಬೇಕು ಎನ್ನುತ್ತಾರೆ. ನಾನು ನಿಲ್ಲುವುದಿಲ್ಲ, ಯಾಕೆಂದರೆ ಅದೇ ಫೋಟೋದಲ್ಲಿ ನನ್ನ ತಲೆಯ ಮೇಲೆ ಕೂದಲೂ ಇಲ್ಲ. ಹೀಗಾಗಿ ಮುಂದೆ ಹೇಳುವುದನ್ನು ನೀವು ಅರ್ಧ ನಂಬಿದರೆ ಸಾಕು. ಯಾವ ಅರ್ಧ ಎಂದು ನಾನಿನ್ನೂ ತೀರ್ಮಾನಿಸಿಲ್ಲ.

ನೀರು ಬಂದದ್ದು ಮಾತ್ರ ಖಂಡಿತ. ಭೀಮಾ ನದಿ ಅಫಜಲಪುರ ತಾಲೂಕಿನ ದಂಡೆಯ ಊರೊಂದಕ್ಕೆ ನುಗ್ಗಿ, ಎರಡು ದಿನ ಇದ್ದು, ಹೋಗುವಾಗ ಮನೆಗಳ ಹಾಸಿಗೆ ಹೊದಿಕೆಗಳನ್ನೆಲ್ಲ ಒಯ್ದಿತ್ತು. ಮಂದಿ ಶಾಲೆಯ ಕೋಣೆಗಳಲ್ಲಿದ್ದರು. ಜೇವರ್ಗಿಯ ಬಟ್ಟೆ ವ್ಯಾಪಾರಿ ಬಂಡೆಪ್ಪ ಮತ್ತು ನಾನು ಮೋಟಾರ್ ಸೈಕಲ್ಲಿನ ಮೇಲೆ ಬಿಸ್ಕೀಟಿನ ಡಬ್ಬ ಕಟ್ಟಿಕೊಂಡು, ದಾನಶೂರರ ಮುಖ ಮಾಡಿಕೊಂಡು ಹೋದೆವು. ಕಾಶಮ್ಮ ಎಂಬ ಹಿರಿಯಾಕೆ ಒಂದು ಪೊಟ್ಟಣ ತೆಗೆದುಕೊಂಡು, ಹಿಂದೆ ಮುಂದೆ ನೋಡಿ ವಾಪಸ್ ಕೊಟ್ಟರು.

“ಎಲ್ಲಾರೂ ಬಿಸ್ಕೀಟೇ ತರಾಕತ್ತೀರಿ. ಬಿಸ್ಕೀಟ್ ಹಾಸ್ಕೊಂಡು ಮಲಗಾಕ ಬರ್ತದೇನ್ರಿ ಸರ? ಫರಸಿ ಕಲ್ಲಿನ ನೆಲ ಕೊರ್ಯಾಕತ್ತದ. ಕೂಸುಗಳು ಕೆಮ್ಮಾಕತ್ಯಾವ. ಹಾಸಾಕ ಹೊಚ್ಚಾಕ ಏನರ ನೋಡ್ರಿ.”

ಕೌದಿ ಬೇಕು. ಅಷ್ಟೇ ಕೆಲಸ. ಹಳೆಯ ಸೀರೆ ಧೋತರಗಳನ್ನು ಪದರ ಪದರ ಇಟ್ಟು ಹೊಲಿದ ಕೌದಿ ನಮ್ಮ ಕಡೆ ಯಾವ ಮನೆಯಲ್ಲಿಲ್ಲ? ಆದರೆ ತಿರುಗಿ ಬರುವಾಗ ಬಂಡೆಪ್ಪನಿಗೆ ವಿಚಾರ ಹೊಳೆಯಿತು. ಅವನಿಗೆ ವಿಚಾರ ಹೊಳೆದಾಗ ಗಾಡಿ ರಸ್ತೆಯ ಬಲಕ್ಕೆ ಹೋಗುತ್ತದೆ. “ಸರ, ಬರೇ ಕೇಳಿದ್ರ ಮಂದಿ ಹರಕ ಕೊಡ್ತಾರ. ಸಂಗೀತ ಕಾರ್ಯಕ್ರಮ ಮಾಡಾಣ. ಟಿಕೀಟ ಇಲ್ಲ. ತಲಿಗೊಂದು ಚಲೋ ಕೌದಿ ತಂದಾಂವಗ ಒಳಗ ಪ್ರವೇಶ. ಟಿಕೀಟಂದ್ರ ಮಂದಿ ಇಜ್ಜತ್ತಿಗಿ ಬಿದ್ದು ಹೊಸಾದು ತರ್ತಾರ.” ಮಾತು ಸರಿಯೆನಿಸಿತು. ಎದುರಿನಿಂದ ಲಾರಿ ಬರುತ್ತಿದ್ದಾಗ ಯಾವ ಮಾತೂ ಸರಿಯೆನಿಸುತ್ತದೆ.

ಹಾಡುವವರನ್ನು ಆರಿಸುವ ಸಮಿತಿಗೆ ನಾನು ಅಧ್ಯಕ್ಷನಾದೆ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವವನು. “ನಿಮಗ ಸಂಗೀತದಾಗ ಏನೂ ತಿಳಿಯಂಗಿಲ್ಲ, ಹೌದಿಲ್ರಿ?” ಎಂದು ಬಂಡೆಪ್ಪ ಕೇಳಿದ. ಹೌದೆಂದೆ. “ಬಸ್. ಪಕ್ಷಪಾತ ಆಗಂಗಿಲ್ಲ.” ನನ್ನ ಅಜ್ಞಾನಕ್ಕೆ ಜೀವನದಲ್ಲಿ ಸಿಕ್ಕ ಮೊದಲ ಹುದ್ದೆ ಅದು.

ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳಿಂದ ಹೆಸರುಗಳು ಬಂದವು. ಭಜನಿ ಮೇಳ, ವಚನ ಹಾಡುವವರು, ಗಜಲ್ ಹೇಳುವ ಒಬ್ಬ ಟೇಲರ್, ಬಾಯಿಯಿಂದಲೇ ಶಹನಾಯಿ ನುಡಿಸುವ ಒಬ್ಬ ಕಂಡಕ್ಟರ್. ಕಾರ್ಯಕ್ರಮಕ್ಕಿದ್ದದ್ದು ಮೂರು ತಾಸು. ಅಂದರೆ ಹೆಚ್ಚಿನವರಿಗೆ ‘ಬೇಡ’ ಎನ್ನಬೇಕು. ಬಂಡೆಪ್ಪ ಆಳಂದಕ್ಕೆ ಮಗಳನ್ನು ಕೊಟ್ಟವನು, ಅಫಜಲಪುರದಿಂದ ಸೊಸೆ ತಂದವನು. ಅವನ ಮಟ್ಟಿಗೆ ಕಲೆಯ ವಿಮರ್ಶೆಯೆಂದರೆ ಬೀಗತನ ಮುರಿದುಕೊಳ್ಳುವ ಕೆಲಸ. ಎರಡು ದಿನ ಊಟ ಬಿಟ್ಟು ಯೋಚಿಸಿ, ಅಥವಾ ಊಟ ಮಾಡುತ್ತಲೇ ಯೋಚಿಸಿ, ಅವನು ದಾರಿ ಕಂಡುಕೊಂಡ: ಆಯ್ಕೆಯಾಗದವರಿಗೆ ಅಲ್ಲಿಯೇ ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆದು ಸನ್ಮಾನ ಮಾಡಿ ಕಳಿಸುವುದು. ಯಾವುದೋ ದೊಡ್ಡ ಮನುಷ್ಯರ ಭೇಟಿ ರದ್ದಾಗಿ ಅವನ ಅಂಗಡಿಯಲ್ಲಿ ಶಾಲುಗಳು ರಾಶಿ ಬಿದ್ದಿದ್ದವು. ಆಯ್ಕೆಯಾದವರಿಗೆ ಏನು ಕೊಡಬೇಕೆಂದು ಇಬ್ಬರೂ ಯೋಚಿಸಲಿಲ್ಲ. ಆಯ್ಕೆಯಾದ ಮೇಲೆ ಮತ್ತೇನು?

ಹೆದ್ದಾರಿಗೆ ಹತ್ತಿದ ಅಂಗಡಿಯ ಅಂಗಳದಲ್ಲಿ, ಬೆಳಿಗ್ಗೆಯೇ, ಎರಡು ದೊಡ್ಡ ಸ್ಪೀಕರ್ ಕಟ್ಟಿ ಪರೀಕ್ಷೆ ಶುರುವಾಯಿತು. ಪರೀಕ್ಷೆಗೆ ಸ್ಪೀಕರ್ ಯಾಕೆ ಎಂದರೆ, “ಮೈಕ್ ಇಲ್ದ ದನಿ ಹ್ಯಾಂಗ ತಿಳೀತದ್ರಿ?” ಎಂದ ಬಂಡೆಪ್ಪ. ಮೊದಲು ಹಾಡಿದ ಆಳಂದದ ಮೇಳವನ್ನು ನಾನು ಧೈರ್ಯ ಮಾಡಿ ತಿರಸ್ಕರಿಸಿದೆ. ಶಾಲು, ಹಾರ, ಚಪ್ಪಾಳೆ. ಮೇಳದವರು ಕಣ್ಣೊರೆಸಿಕೊಂಡರು; ಇಷ್ಟು ವರ್ಷ ಹಾಡಿದರೂ ಯಾರೂ ಹೀಗೆ ಗೌರವಿಸಿರಲಿಲ್ಲವಂತೆ. ಎರಡನೆಯವನಾಗಿ ಗಜಲ್ ಹೇಳಿದ ಟೇಲರನನ್ನು ಆಯ್ಕೆ ಮಾಡಿದೆ. ಅವನ ಮುಖ ಕಪ್ಪಿಟ್ಟಿತು.

“ನಾ ಏನ್ ತಪ್ಪ ಮಾಡೇನ್ರಿ ಸರ? ಅವರಿಗಿ ಶಾಲು, ನನಗ ಬರೇ ಆಯ್ಕೆ?”

ಅಲ್ಲಿಂದ ಗಡಬಡ ಶುರುವಾಯಿತು. ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬರು ಎಷ್ಟು ಚೆಂದ ಹಾಡಿದರೆಂದರೆ, ವಿಜಯಪುರದ ಬಸ್ಸಿಗೆ ಕಾದಿದ್ದವರು ಬಸ್ಸನ್ನೇ ಬಿಟ್ಟರು. (ಬಸ್ಸೇ ಅವರನ್ನು ಬಿಟ್ಟಿತು ಎಂದು ನನ್ನ ಹೆಂಡತಿ ತಿದ್ದುತ್ತಾಳೆ.) ಹಾಡಿ ಇಳಿದವರು ನನ್ನ ಕಿವಿಯ ಹತ್ತಿರ ಬಂದು, “ಸರ, ನಮ್ದು ಆಗಲಿಲ್ಲ ಅಂತ ಬರೀರಿ” ಎಂದರು. ಚೆಂದ ಹಾಡಿದಿರಲ್ಲ ಎಂದೆ. “ಅದಕ್ಕೇ ಹೇಳಾಕತ್ತೇನಿ, ಯಾರರ ಆರಿಸಿಗಿರಿಸ್ಯಾರು. ಕಾರ್ಯಕ್ರಮದ ದಿನ ನನ್ನ ಪಾಳಿ ಅದ. ಶಾಲು ಇವತ್ತೇ ಸಿಗತದಲ್ರಿ?” ಮಧ್ಯಾಹ್ನದ ಹೊತ್ತಿಗೆ ಬಂದವರೆಲ್ಲ ಬೇಕಂತಲೇ ಕೆಟ್ಟದಾಗಿ ಹಾಡತೊಡಗಿದರೆಂದು ಬಂಡೆಪ್ಪ ಹೇಳಿದ. ಒಬ್ಬ ಹಾರ್ಮೋನಿಯಂ ಪೇಟಿಯನ್ನು ಮೊಣಕೈಯಿಂದ ಬಾರಿಸಿದ್ದನ್ನು ನಾನೇ ನೋಡಿದೆ. ಅದೂ ಒಂದು ಪದ್ಧತಿಯಿರಬೇಕೆಂದು ತಲೆದೂಗಿದೆ. ಶಾಲುಗಳ ರಾಶಿ ಕರಗುತ್ತಿತ್ತು. ಆಯ್ಕೆಯ ಪಟ್ಟಿಯಲ್ಲಿ ಸಿಟ್ಟಾದ ಟೇಲರನೊಬ್ಬನೇ ಇದ್ದ. ಸ್ವಲ್ಪ ಹೊತ್ತಿನಲ್ಲಿ ಅವನೂ ಜಗಳ ಮಾಡಿ ಶಾಲು ಪಡೆದು ಹೋದ.

ಶಾಲೆಯಲ್ಲಿ ಮಕ್ಕಳು ಫರಸಿಯ ಮೇಲೆ ಮಲಗಿದ್ದರು. ನಾವು ಇಲ್ಲಿ ಶಾಲು ಹಂಚುತ್ತಿದ್ದೆವು. ಶಾಲುಗಳನ್ನೇ ಅಲ್ಲಿಗೆ ಒಯ್ಯಬಹುದಿತ್ತಲ್ಲ ಎಂದು ನಿಮಗೆ ಈಗ ಹೊಳೆದಿರಬೇಕು. ನಮಗೆ ಹೊಳೆಯಲಿಲ್ಲ. ಕೊನೆಯ ಶಾಲು ಉಳಿದಾಗ ಬಂದವರು ಗುರುನಾಥ ಕಾಕಾ.

ಕಾಕಾ ನನ್ನ ಹೆಂಡತಿಯ ತಂದೆಯ ತಮ್ಮ, ಆಳಂದ ಕಡೆಯ ಕಿಣ್ಣಿ ಸುಲ್ತಾನ ಎಂಬ ಊರಿನ ರೈತರು. ಅವರ ದನಿ ಸಣ್ಣಂದಿನಿಂದ ಜೋಳದ ಹೊಲದಲ್ಲಿ ಹಕ್ಕಿ ಓಡಿಸಿ ಓಡಿಸಿ ಬೆಳೆದದ್ದು. ಈಗ ಭಜನೆ ಹಾಡುವಾಗಲೂ ಎದುರಿಗೆ ತೆನೆಯ ಮೇಲೆ ಹಕ್ಕಿ ಕೂತಿವೆಯೆಂಬ ಅನುಮಾನ ಅವರನ್ನು ಬಿಟ್ಟಿಲ್ಲ. ಮುಂಜಾನೆಯೇ ಹೆಂಡತಿ, “ಕಾಕಾ ಬರಾಕತ್ತಾರ. ಬ್ಯಾಡ ಅಂದೀರಿ ಅಂದ್ರ ನೋಡ್ರಿ ಮತ್ತ” ಎಂದಿದ್ದಳು. ಈಗ ನನಗೆ ಭಯವಿರಲಿಲ್ಲ. ಶಾಲು ಇತ್ತು.

ಕಾಕಾ ಹಾಡಿದರು. ಸ್ಪೀಕರಿನ ಮೇಲಿದ್ದ ಕಾಗೆ ಹೋಯಿತು. ಒಬ್ಬರಿಗೆ ಹತ್ತು ನಿಮಿಷವೆಂಬ ನಿಯಮದಂತೆ, ಹೊತ್ತು ಮುಗಿದಾಗ ನಾನು ಚಮಚದಿಂದ ಸ್ಟೀಲಿನ ತಾಟು ಬಡಿದೆ. “ಹಾಂ, ಹಂಗ ಬಾರಸ್ರಿ ಅಳಿಯಂದ್ರ!” ಎಂದು ಹುರುಪಾದರು. ಹಿಡಿದ ಪದವನ್ನು ಮಂಗಳ ಹಾಡದೆ ಬಿಡಬಾರದೆಂಬುದು ಭಜನೆಯವರ ಕಟ್ಟಳೆ. ನಾನು ನಿಲ್ಲಿಸಲೆಂದು ಬಡಿದಷ್ಟೂ ಅವರು ಏರಿದರು. ಮುಕ್ಕಾಲು ತಾಸು ನಾನು ತಾಟು ಬಾರಿಸಿದೆ. ಮಂಗಳವಾದ ಮೇಲೆ ಬಂಡೆಪ್ಪ ಶಾಲು ಬಿಚ್ಚಿಕೊಂಡು ಓಡಿ ಬಂದ. ಕಾಕಾ ಹಿಂದೆ ಸರಿದರು.

“ಶಾಲು ಹೊಚ್ಚಿ ಮನಿಗಿ ಕಳಸಾವರು ಹೌದಿಲ್ಲೋ? ಅಲ್ಲಿ ಮಂದಿ ಬರೇ ನೆಲದ ಮ್ಯಾಲ ಮಲಗ್ಯಾರ, ನಾ ಶಾಲು ಹೊತ್ಕೊಂಡು ಊರಿಗಿ ಹೋಗ್ಲೇನು? ನನಗ ಶಾಲು ಬ್ಯಾಡ. ನಾ ಅವರ ಸಲವಾಗಿ ಹಾಡಾಕ ಬಂದೇನಿ, ಹಾಡ್ತೇನಿ.”

ಇಡೀ ದಿನದಲ್ಲಿ ಹಾಡಲು ಬಂದಿದ್ದವರು ಅವರೊಬ್ಬರೇ. ನಾನು ಪಟ್ಟಿಯಲ್ಲಿ ಬರೆದೆ: ಗುರುನಾಥಪ್ಪ, ಮೂರು ತಾಸು. ಬಂಡೆಪ್ಪ ಅವರ ಹಾಡಿನ ವಿಡಿಯೋವನ್ನು, ನಾನು ಬರೆದ ಆ ಸಾಲು ಮತ್ತು ಪ್ರವೇಶಕ್ಕೆ ತಲೆಗೊಂದು ಕೌದಿ ಎಂಬ ಶರತ್ತಿನ ಸಮೇತ, ಮೂರೂ ತಾಲೂಕಿನ ವಾಟ್ಸಾಪ್ ಗುಂಪುಗಳಿಗೆ ಹಾಕಿದ.

ಮರುದಿನ ಬಸ್ ಸ್ಟ್ಯಾಂಡ್ ಎದುರಿನ ಮೆಡಿಕಲ್ ಅಂಗಡಿಯವರು ಎರಡು ಕೌದಿ ಹೊತ್ತು ಬಂದರು. “ಸರ, ಇದು ನಂದು, ಇದು ನಮ್ಮ ಮನ್ಯಾಕಿದು. ಕಾರ್ಯಕ್ರಮಕ್ಕ ಬರಾಕ ಮಾತ್ರ ಆಗಂಗಿಲ್ರಿ.”

“ಕಾರ್ಯಕ್ರಮ ನೋಡಿಕೊಂಡೇ ಕೊಡ್ರಲ್ಲ” ಎಂದೆ.

“ಖರೇನೇ ಮೂರು ತಾಸು ಹಾಡ್ತಾರೇನ್ರಿ ಅವರು?”

“ಕಮ್ಮಿ ಅಂದ್ರ.”

ಅವರು ತಿರುಗಿ ಹೋಗಿ ಇನ್ನೊಂದು ತಂದರು. “ಇದು ನಮ್ಮವ್ವಂದು. ಅಕಿಗೂ ಬರಾಕ ಆಗಂಗಿಲ್ಲ.”

ಹಾಗೆ ಶುರುವಾಯಿತು. ಆಳಂದದಿಂದ ಬಸ್ಸಿನ ಟಾಪಿನ ಮೇಲೆ ಬಂದವು, ಅಫಜಲಪುರದಿಂದ ಟ್ರ್ಯಾಕ್ಟರಿನಲ್ಲಿ ಬಂದವು. ಪ್ರತಿಯೊಂದರ ಜೊತೆಗೂ ಒಂದು ನೆಪ: ಮದುವೆ, ಜ್ವರ, ತೊಗರಿ, ಮೊಣಕಾಲು. ಬಂಡೆಪ್ಪನ ಪಡಸಾಲೆ ತುಂಬಿ, ಅವನು ತನ್ನ ಮನೆಗೆ ಹಿತ್ತಲ ಬಾಗಿಲಿನಿಂದ ಹೋಗಿ ಬರುವಂತಾಯಿತು.

ಕಾರ್ಯಕ್ರಮ ಶಾಲೆಯ ಅಂಗಳದಲ್ಲಿ, ಹಗಲಿನಲ್ಲೇ ನಡೆಯಿತು. ಕೇಳಲು ಇದ್ದದ್ದು ನಾವಿಬ್ಬರು ಮತ್ತು ಕೌದಿ ಪಡೆಯುತ್ತಿದ್ದ ಮಂದಿ. ಕಾಕಾ ಹೊರಗಿನವರು ಯಾರೂ ಇಲ್ಲದ ಅಂಗಳ ನೋಡಿ, “ಮಂದಿ ಎಲ್ರಿ ಅಳಿಯಂದ್ರ?” ಎಂದರು. ನಾನು ಗುಡ್ಡದಂತಿದ್ದ ಕೌದಿಗಳನ್ನು ತೋರಿಸಿದೆ. “ಇವೆಲ್ಲಾ ನನ್ನ ಹೆಸರಿಗಿ ಬಂದಾವೇನು?” “ನಿಮ್ಮ ಹೆಸರಿಗೇ ಬಂದಾವ್ರಿ.” ಅಧ್ಯಕ್ಷನಾಗಿ ನಾನು ಆಡಿದ ಏಕೈಕ ಖರೇ ಮಾತು ಅದು. ಕಾಕಾ ಗಂಟಲು ಸರಿ ಮಾಡಿಕೊಂಡು ನಾಲ್ಕು ತಾಸು ಹಾಡಿದರು. ಕಾಶಮ್ಮ ಕೌದಿಯನ್ನು ಕಿವಿಯ ಮೇಲೆ ಹೊದ್ದುಕೊಂಡು ಪಕ್ಕದವಳಿಗೆ, “ಸುಮ್ ಕೂಡಬೇ, ಹಾಡ್ಲಿ. ಇಷ್ಟು ಕೊಟ್ಟಾರ, ನಾವರ ಎದ್ದು ಹೋದ್ರ ಹ್ಯಾಂಗ?” ಎಂದರು.

ಮಂದಿ ಕಾಕಾನ ದನಿಗೆ ಹೆದರಿ ಕೊಟ್ಟರೆಂದು ಈ ಕಥೆಯನ್ನು ನಾನು ಹತ್ತು ಕಡೆ ಹೇಳಿ ನಗಿಸಿದ್ದೇನೆ. ಮೊನ್ನೆ ಮನೆಯಲ್ಲೂ ಹೇಳಿದೆ. ಹೆಂಡತಿ ನಗಲಿಲ್ಲ. “ಆ ಮೆಡಿಕಲ್‌ದವರ ಅವ್ವನ ಕೌದಿ ನಾ ನೋಡೇನಿ. ಒಂದು ದಿನಾನೂ ಹೊಚ್ಚಿದ್ದಿಲ್ಲ, ಅಂಚಿಗಿ ಹೊಸಾ ಜರಿ ಹಚ್ಚಿದ್ಳು. ಹಾಡು ತಪ್ಪಸ್ಕೊಳ್ಳಾಕ ಯಾರರ ಅಂಥಾದ್ದು ಕೊಡ್ತಾರೇನ್ರಿ? ಸುಮ್ಮನ ಮನಿ ಮನಿಗಿ ಹೋಗಿ ಕೇಳಿದ್ರ ಕೊಡ್ತಿದ್ದಿಲ್ಲೇನು?” ಎಂದಳು.

ಕೊಡುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ನಾವು ಯಾರನ್ನೂ ಕೇಳಲೇ ಇಲ್ಲ.