ಎರಡನೇ ಸೈಡಿನ ಕೆಮ್ಮು

ಕೆಮ್ಮನ್ನು ಈ ಜಗತ್ತು ಇದುವರೆಗೆ ಗಂಭೀರವಾಗಿ ಪರಿಗಣಿಸಿಲ್ಲ. ಯುದ್ಧಗಳ ಬಗ್ಗೆ ಸಂಪುಟಗಟ್ಟಲೆ ಬರೆದವರು, ಪ್ರವಾಹಗಳ ಬಗ್ಗೆ ವರದಿ ಸಲ್ಲಿಸಿದವರು, ಒಂದೇ ಒಂದು ಕೆಮ್ಮು ಒಬ್ಬ ಬಡಪಾಯಿಯ ಮೂವತ್ತೊಂದು ವರ್ಷಗಳನ್ನು ಹೇಗೆ ಹಿಂಡಿ ಹಾಕಬಲ್ಲದು ಎಂಬ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ಈ ವೃತ್ತಾಂತವನ್ನು ಆ ಕೊರತೆ ತುಂಬುವ ಸಣ್ಣ ಪ್ರಯತ್ನವೆಂದು ತಿಳಿಯಬೇಕು.

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಿಶ್ಶಬ್ದರಾಯರ ಗಂಟಲಿನಲ್ಲಿ ಏನೋ ಕೆರೆಯಿತು.

ನಿಶ್ಶಬ್ದರಾಯರೆಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆ ಹೆಸರು ಮತದಾರರ ಪಟ್ಟಿಯಲ್ಲಷ್ಟೇ ಉಳಿದಿದೆ. ಇಪ್ಪತ್ತೆಂಟು ವರ್ಷಗಳಿಂದ ಅವರು ಗ್ರಂಥಾಲಯದಲ್ಲಿ 'ನಿಶ್ಶಬ್ದ' ಎಂದು ಬರೆದ ಬೋರ್ಡಿನ ಕೆಳಗೆ ಕುಳಿತು ಪುಸ್ತಕಗಳಿಗೆ ಮೊಹರು ಒತ್ತುತ್ತಿದ್ದಾರೆ. ಮೊಹರನ್ನು ಕೂಡ ಮಲಗಿದ ಮಗುವಿನ ಹಣೆ ಮುಟ್ಟುವಂತೆ ಒತ್ತುತ್ತಾರೆ. ಬೋರ್ಡು ಯಾವುದು, ಮನುಷ್ಯ ಯಾರು ಎಂದು ಜನಕ್ಕೆ ಗೊತ್ತಾಗದೆ ಹೋಗಿ ಈ ಹೆಸರು ಬಿದ್ದಿದೆ.

"ಖ್ಹೂಂ!" ಎಂದರು ನಿಶ್ಶಬ್ದರಾಯರು. ಆಮೇಲೆ ಸಣ್ಣಗೆ ಎರಡು ಸಲ, "ಖೂಂ, ಖೂಂ."

ಒಂದು ದೊಡ್ಡದು, ಎರಡು ಚಿಕ್ಕದು. ಅವರ ಕೆಮ್ಮು ಯಾವಾಗಲೂ ಹೀಗೇ. ಅಮ್ಮ ಮುಂದೆ, ಮಕ್ಕಳಿಬ್ಬರು ಹಿಂದೆ ಹೊರಟಂತೆ.

"ರೀ, ಏನದು?" ಎಂದು ಅಡುಗೆಮನೆಯಿಂದ ಹೆಂಡತಿ ಕೂಗಿದರು. "ಸಾಯಂಕಾಲ ಮೇಲ್ಗಡೆ ಹೋಗ್ಬೇಡಿ. ಮಲಗಿ ಸುಮ್ನೆ."

"ಇವತ್ತು ಹೋಗ್ಲೇಬೇಕು ಕಣೇ."

"ಹಳೇ ಹಾಡು ಎಲ್ಲಿಗೂ ಓಡಿ ಹೋಗಲ್ಲ. ಹಳೇದಾಗಿರೋದೇ ಅದಕ್ಕೆ."

ಹೋಗಲೇಬೇಕಾಗಿತ್ತು. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ನಿವೃತ್ತ ಸ್ಟೇಷನ್ ಮಾಸ್ಟರು ಇದ್ದಾರೆ. ಅವರ ಮುಂದಿನ ಕೋಣೆಯಲ್ಲಿ ಪ್ರತಿ ಭಾನುವಾರ ನಾಲ್ಕು ಗಂಟೆಗೆ, ಸರಿಯಾಗಿ ನಾಲ್ಕು ಗಂಟೆಗೆ, ಹಳೇ ಹಾಡಿನ ಕೂಟ ಸೇರುತ್ತದೆ. ಒಂದು ರೆಕಾರ್ಡು, ಎರಡೂ ಸೈಡು; ಆಮೇಲೆ ಒಬ್ಬೊಬ್ಬರೂ ತಾವು ಎದುರಿಗೇ ಕೂತು ಕೇಳಿದ ಒಂದು ಕಛೇರಿಯ ನೆನಪು ಹೇಳಬೇಕು. ಹನ್ನೆರಡು ವರ್ಷಗಳಿಂದ ಗ್ರಾಮಫೋನಿನ ಮುಳ್ಳನ್ನು ರೆಕಾರ್ಡಿನ ಮೇಲೆ ಇಡುತ್ತಿದ್ದವರು ಮಾಸ್ಟರೇ. ಈಚೆಗೆ ಅವರ ಕೈ ನಡುಗುತ್ತಿತ್ತು. ಹೋದ ವಾರ ಮುಳ್ಳು ಜಾರಿ, ಒಂದು ಪಿಟೀಲು ಬ್ರೇಕ್ ಹಾಕಿದ ಲಾರಿಯಂತೆ ಕಿರುಚಿತ್ತು. "ಮುಂದಿನ ವಾರದಿಂದ ಮುಳ್ಳು ನಿಶ್ಶಬ್ದರಾಯರ ಕೈಗೆ. ಕೂಟದಲ್ಲಿ ಉಸಿರಾಡಿದ್ದೂ ಕೇಳಿಸದೇ ಇರೋ ಮನುಷ್ಯ ಅಂದ್ರೆ ಅವರೊಬ್ಬರೇ," ಎಂದು ಮಾಸ್ಟರು ಘೋಷಿಸಿದ್ದರು.

ನಿಶ್ಶಬ್ದರಾಯರು ಜೀವನದಲ್ಲಿ ಬಯಸಿದ್ದು ಇದೊಂದನ್ನೇ. ಬಡ್ತಿಯನ್ನು ಕೂಡ ಇಷ್ಟು ಬಯಸಿರಲಿಲ್ಲ, ಅದು ಬಂದೂ ಇರಲಿಲ್ಲ.

ಆದರೆ ಇಂದಿನ ರೆಕಾರ್ಡು ಅದೇ ರೆಕಾರ್ಡು.

ಮೂವತ್ತೊಂದು ವರ್ಷದ ಹಿಂದೆ ಒಬ್ಬ ಮಹಾಗಾಯಕಿ ತುಂಬಿದ ಸಭಾಂಗಣದಲ್ಲಿ ಹಾಡಿದ್ದು. ಎರಡನೇ ಸೈಡಿನಲ್ಲಿ ಆಕೆ ಸ್ವರವನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಒಯ್ದು, ಅಲ್ಲೇ ಬಿಟ್ಟುಬಿಡುತ್ತಾಳೆ. ಏಳು ಸೆಕೆಂಡು ಮೌನ. ಗಡಿಯಾರ ಹಿಡಿದು ಲೆಕ್ಕ ಹಾಕಿದವರು ಮಾಸ್ಟರು. ಆ ಮೌನದ ನಾಲ್ಕನೇ ಸೆಕೆಂಡಿನಲ್ಲಿ ಯಾರೋ ಕೆಮ್ಮುತ್ತಾರೆ. ಒಂದು ದೊಡ್ಡದು, ಎರಡು ಚಿಕ್ಕದು.

"ಆ ಮಹಾನುಭಾವ ಕೈಗೆ ಸಿಕ್ರೆ ಹಳಿಗೆ ಕಟ್ಟಿ ಹಾಕ್ತೀನಿ," ಎಂದು ಮಾಸ್ಟರು ಪ್ರತಿ ಸಲವೂ ಗುಡುಗುತ್ತಿದ್ದರು. "ಎಕ್ಸ್‌ಪ್ರೆಸ್ ಎಷ್ಟು ಹೊತ್ತಿಗೆ ಬರುತ್ತೆ ಅಂತ ನನಗೆ ಗೊತ್ತು."

ಆ ಮಹಾನುಭಾವರು ಪಕ್ಕದ ಕುರ್ಚಿಯಲ್ಲೇ ತಲೆಯಾಡಿಸುತ್ತಾ ಕೂತಿರುತ್ತಿದ್ದರು. ತಮ್ಮ ನೆನಪಿನ ಸರದಿ ಬಂದಾಗಲೆಲ್ಲ, "ನಾನು ಕಛೇರಿಗೆ ಹೋದವನೇ ಅಲ್ಲ ಸಾರ್. ಬರೀ ರೆಕಾರ್ಡು," ಎನ್ನುತ್ತಿದ್ದರು. ಹೋದದ್ದು ಒಂದೇ ಕಛೇರಿಗೆ. ಅದನ್ನು ಹೇಳುವಂತಿರಲಿಲ್ಲ.

ಇಷ್ಟು ಸಾಲದೆಂಬಂತೆ, ಆ ಕಛೇರಿಯನ್ನು ಅಂದು ಟೇಪಿಗೆ ಇಳಿಸಿದ ಧ್ವನಿಮುದ್ರಣದ ಯಜಮಾನರನ್ನೇ ಮಾಸ್ಟರು ಇಂದು ಅತಿಥಿಯಾಗಿ ಕರೆದಿದ್ದರು. ವಯಸ್ಸು ಎಂಬತ್ತು, ಕಿವಿ ಮಾತ್ರ ಇಪ್ಪತ್ತರದು ಎಂದು ಖ್ಯಾತಿ. ಒಮ್ಮೆ ಕೇಳಿದ ದನಿಯನ್ನು ಮರೆತವರಲ್ಲವಂತೆ.

ಹತ್ತು ಗಂಟೆಯ ಹೊತ್ತಿಗೆ ನಿಶ್ಶಬ್ದರಾಯರು ಬಿಸಿ ಉಪ್ಪುನೀರು ಮುಕ್ಕಳಿಸಿದ್ದರು. ಹನ್ನೊಂದಕ್ಕೆ ಜೇನು, ಮೆಣಸು. ಹನ್ನೆರಡಕ್ಕೆ, ಹೆಂಡತಿಯ ಅಕ್ಕ ಫೋನಿನಲ್ಲೇ ಅಪ್ಪಣೆ ಕೊಟ್ಟಂತೆ, ಟವೆಲ್ ಹೊದ್ದು ಹಬೆ. ಟವೆಲಿನಿಂದ ಹೊರಬಂದ ಮುಖ ಬೆಂದ ಬೀಟ್‌ರೂಟಿನಂತಿತ್ತು. ಕೆಮ್ಮು ಇದೆಲ್ಲವನ್ನೂ ಉಪಚಾರವೆಂದು ಸ್ವೀಕರಿಸಿ, ಇನ್ನೆರಡು ದಿನ ಇದ್ದು ಹೋಗುವ ನೆಂಟನಂತೆ ಕಾಲು ಚಾಚಿತು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮೆಟ್ಟಿಲ ಮೇಲೆ ಕರ್ಚೀಫಿನೊಳಗೆ ಕೆಮ್ಮುತ್ತಿದ್ದ ರಾಯರನ್ನು ಹಲ್ಲಿನ ಡಾಕ್ಟರು ಹಿಡಿದರು. ಕೂಟದ ಇನ್ನೊಬ್ಬ ಸದಸ್ಯರು ಇವರು. ಮುಳ್ಳಿನ ಮೇಲೆ ಇವರಿಗೂ ಕಣ್ಣಿತ್ತು.

"ಬಾಯಿ ತೆಗೀರಿ ರಾಯರೇ."

"ಏನಿಲ್ಲ ಡಾಕ್ಟ್ರೇ—"

"ತೆಗೀರಿ ಅಂದೆ." ಮೊಬೈಲಿನ ಟಾರ್ಚು ಒಳಗೆ ಇಳಿಯಿತು. "ಗಂಟಲು ಕೆಂಪಗಿದೆ. ಅದು ಬಿಡಿ, ಹಿಂದಿನ ದವಡೆ ಹಲ್ಲು ಕೀಳಿಸ್ಬೇಕು ನೀವು. ಮುಳ್ಳು ಇಡೋವಾಗ ಕೆಮ್ಮು ಬಂದ್ರೆ ರೆಕಾರ್ಡು ಗೀಚಿ ಹೋಗುತ್ತೆ, ನೋಡ್ಕೊಳ್ಳಿ. ನನ್ನ ಕೈ ಆದ್ರೆ ನರದ ಹತ್ರ ಹೋಗಿ ಬಂದಿರೋ ಕೈ."

ಹಿಂದಿನಿಂದ ಬಂದ, ಕೂಟದವರೇ ಆದ ಟೈಪಿಂಗ್ ಟೀಚರಮ್ಮ ಕೈಚೀಲದಿಂದ ಗಂಟಲಿನ ಮಾತ್ರೆಗಳ ಡಬ್ಬಿ ತೆಗೆದರು. "ಪಾಪ, ಯಾಕೆ ಗೋಳು ಹುಯ್ಕೊಳ್ತೀರಿ ಅವರನ್ನ? ತಗೊಳ್ಳಿ ರಾಯರೇ, ಒಂದು ಚೀಪಿ."

ನಿಶ್ಶಬ್ದರಾಯರು ಏಳು ತೆಗೆದುಕೊಂಡು ಏಳನ್ನೂ ಒಟ್ಟಿಗೆ ದವಡೆಗೆ ತುಂಬಿದರು. ಒಳಗೆ ಮಾಸ್ಟರು ಅತಿಥಿಗೆ ಪರಿಚಯಿಸಿದಾಗ ನಗುತ್ತಾ "ಮ್ಮ್" ಎಂದರು. ಯಜಮಾನರ ಕಾಲ ಬಳಿ ಪೆಟ್ಟಿಗೆಯಂಥ ಹಳೆಯ ಟೇಪ್ ಯಂತ್ರ ಕೂತಿತ್ತು.

ಮೊದಲ ಸೈಡು ಸುಸೂತ್ರವಾಗಿ ಮುಗಿಯಿತು. ನಿಶ್ಶಬ್ದರಾಯರು ಮುಳ್ಳನ್ನು ಎಷ್ಟು ಹಗುರಾಗಿ ಇಟ್ಟರೆಂದರೆ, ಹಾಡು ತಾನಾಗಿಯೇ ಶುರುವಾದಂತಿತ್ತು. ಮಾಸ್ಟರು ಹಸಿರು ಬಾವುಟ ತೋರಿಸುವವರಂತೆ ತಲೆ ತೂಗಿದರು.

ಎರಡನೇ ಸೈಡು. ಸ್ವರ ಮೇಲೇರುತ್ತಿದ್ದಂತೆ ಕೆಮ್ಮೂ ಜೊತೆಗೇ ಏರತೊಡಗಿತು. ಮಾತ್ರೆಗಳು ಕರಗಿ ಹೋಗಿದ್ದವು. ಸ್ವರ ನಿಂತಿತು. ಮೌನ. ಒಂದು. ಕಣ್ಣಲ್ಲಿ ನೀರು. ಎರಡು. ಕಿವಿ ಬಿಸಿಯಾಯಿತು. ಮೂರು. ಇನ್ನು ಸಾಧ್ಯವೇ ಇಲ್ಲ ಎಂದಾಗ ರಾಯರಿಗೆ ಹೊಳೆಯಿತು: ನಾಲ್ಕನೆಯ ಸೆಕೆಂಡು ಹೇಗೂ ತನ್ನದೇ!

"ಖ್ಹೂಂ! ಖೂಂ, ಖೂಂ," ಎಂದಿತು ರೆಕಾರ್ಡು. ಕೂದಲೆಳೆಯಷ್ಟೂ ಆಚೀಚೆ ಆಗದಂತೆ, ಅದರೊಳಗೇ ನಿಶ್ಶಬ್ದರಾಯರೂ ಕೆಮ್ಮಿ ಮುಗಿಸಿದರು.

"ಇವತ್ತು ಕೆಮ್ಮು ಸ್ವಲ್ಪ ಜಾಸ್ತಿ ಕೇಳಿಸ್ಲಿಲ್ವಾ?" ಎಂದು ಡಾಕ್ಟರು ಪಿಸುಗುಟ್ಟಿದರು.

"ಮುಳ್ಳು ಅಷ್ಟು ಸರಿಯಾಗಿ ಕೂತಿದೆ," ಎಂದರು ಮಾಸ್ಟರು ಮೆಚ್ಚುಗೆಯಿಂದ.

ಹಾಡು ಮುಗಿಯಿತು. ಮಾಸ್ಟರು ಎಂದಿನಂತೆ ಹಳಿ, ಎಕ್ಸ್‌ಪ್ರೆಸ್ಸು ಎಲ್ಲವನ್ನೂ ಹೇಳಿ ಅತಿಥಿಯ ಕಡೆ ತಿರುಗಿದರು. "ನೀವಾದ್ರೂ ಹೇಳಿ ಸ್ವಾಮಿ. ಆ ಕೆಮ್ಮಿದ ಪ್ರಾಣಿ ಯಾರು?"

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನೇ."

ಕೋಣೆಯಲ್ಲಿ ಇನ್ನೊಂದು ಏಳು ಸೆಕೆಂಡು ಮೌನ.

"ವೇದಿಕೆ ಪಕ್ಕದಲ್ಲಿ ಮೈಕಿನ ಹತ್ರಾನೇ ಕೂತಿದ್ದೆ. ಬಂದ್ಬಿಡ್ತು. ಇಷ್ಟು ಹತ್ರದ ಕೆಮ್ಮು ಸಭಿಕರದ್ದಾಗಿರೋಕೆ ಹೇಗೆ ಸಾಧ್ಯ ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳ್ಲಿಲ್ಲ."

ಕೂಡಲೇ ಮಾಸ್ಟರ ಎಕ್ಸ್‌ಪ್ರೆಸ್ ಬೇರೆ ಹಳಿಗೆ ತಿರುಗಿತು. "ಅಯ್ಯೋ, ನೀವು ಇಲ್ದಿದ್ರೆ ಈ ರೆಕಾರ್ಡೇ ಇರ್ತಿರ್ಲಿಲ್ಲ. ನಿಮಗೆ ಕೆಮ್ಮೋ ಹಕ್ಕಿದೆ ಬಿಡಿ."

ಆಗ ಒಂದು ವಿಚಿತ್ರ ಸದ್ದು ಕೇಳಿಸಿತು. ನಿಶ್ಶಬ್ದರಾಯರು ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ನಡುನಡುವೆ ಬಾಯಿತುಂಬ ಕೆಮ್ಮುತ್ತಾ, ಕಣ್ಣೀರು ಸುರಿಸುತ್ತಾ ನಗುತ್ತಿದ್ದರು. ಮೂವತ್ತೊಂದು ವರ್ಷ ಬೆನ್ನ ಮೇಲಿದ್ದ ಮೂಟೆಯನ್ನು ಯಾರೋ ಇಳಿಸಿ, "ಇದು ನಿಮ್ಮದಲ್ಲ, ವಿಳಾಸ ತಪ್ಪಿದೆ," ಎಂದಂತಾಗಿತ್ತು.

"ನನ್ನದು ಅಂದ್ಕೊಂಡಿದ್ದೆ ಸಾರ್! ಇಷ್ಟು ವರ್ಷ!"

"ನೀವು ಕಛೇರಿಗೇ ಹೋದವರಲ್ವಲ್ಲ?" ಎಂದರು ಟೀಚರಮ್ಮ.

"ಹೋಗಿದ್ದೆ ಅಮ್ಮಾ. ಇದೊಂದಕ್ಕೇ ಹೋಗಿದ್ದೆ." ಅವರನ್ನು ಇನ್ನು ತಡೆಯುವವರಿರಲಿಲ್ಲ. "ಇಪ್ಪತ್ನಾಲ್ಕು ವರ್ಷ ನನಗೆ. ಕೂರೋಕೆ ಜಾಗ ಇರ್ಲಿಲ್ಲ. ಬಾಲ್ಕನಿ ಕೊನೇಲಿ ಕಂಬ ತಬ್ಕೊಂಡು ನಿಂತಿದ್ದೆ. ಪಕ್ಕದಲ್ಲಿ ಯಾರೋ ಗುರುತಿಲ್ಲದ ಅಜ್ಜಿ. ಸ್ವರ ಮೇಲೆ ಹೋಗ್ತಾ ಹೋಗ್ತಾ ಆಯಮ್ಮ ನನ್ನ ಕೈ ಹಿಡ್ಕೊಂಡ್ಬಿಟ್ರು. ನಾನೂ ಬಿಡಿಸ್ಕೊಳ್ಲಿಲ್ಲ. ಸ್ವರ ನಿಲ್ತಲ್ಲ, ಆಗ ಇಡೀ ಸಭಾಂಗಣ ನೆಲ ಬಿಟ್ಟು ಎರಡು ಅಡಿ ಮೇಲೆ ಎದ್ದ ಹಾಗಿತ್ತು. ಅಷ್ಟರಲ್ಲಿ ನನಗೆ ಕೆಮ್ಮು ಬಂತು. ಅಜ್ಜಿ ಕೈ ಬಿಟ್ಬಿಟ್ರು. ಅಲ್ಲಿಂದ ಕೆಳಗಿಳಿದು ಓಡಿದೋನು, ಮತ್ತೆ ಯಾವ ಕಛೇರಿಗೂ ಹೋಗ್ಲಿಲ್ಲ. ರೆಕಾರ್ಡಲ್ಲೂ ಅದೇ ಕೆಮ್ಮು ಕೇಳಿ..."

ಕೂಟ ಮೆತ್ತಗಾಯಿತು. ಟೀಚರಮ್ಮ ಕಣ್ಣೊರೆಸಿಕೊಂಡರು. ಹನ್ನೆರಡು ವರ್ಷದಲ್ಲಿ ಇಂಥ ನೆನಪನ್ನು ಅಲ್ಲಿ ಯಾರೂ ಹೇಳಿರಲಿಲ್ಲ. ಮಾಸ್ಟರು ಎದ್ದು ರಾಯರ ಭುಜದ ಮೇಲೆ ಕೈಯಿಟ್ಟರು. ರಾಯರಿಗೆ ಮೈ ಹಗುರಾಗಿ, ಈಗ ಕುರ್ಚಿ ಇಲ್ಲದಿದ್ದರೂ ನಡೆದೀತು ಎನ್ನಿಸಿತು.

"ಬಾಲ್ಕನಿ ಅಂದ್ರಾ?" ಎಂದರು ಧ್ವನಿಮುದ್ರಣದ ಯಜಮಾನರು.

"ಹೌದು ಸಾರ್."

"ಎಡಗಡೆ?"

"ಎಡಗಡೆ ಕೊನೆ ಕಂಬ."

"ಒಂದ್ಸಲ ಕೆಮ್ಮಿ ನೋಡೋಣ."

ನಿರಾಳವಾದ ಮನುಷ್ಯ ಏನು ಕೇಳಿದರೂ ಕೊಡುತ್ತಾನೆ. ರಾಯರು ಧಾರಾಳವಾಗಿ ಕೆಮ್ಮಿದರು. ಒಂದು ದೊಡ್ಡದು, ಎರಡು ಚಿಕ್ಕದು.

ಯಜಮಾನರು ಯಂತ್ರಕ್ಕೆ ಮೂಲ ಟೇಪನ್ನು ಸಿಕ್ಕಿಸಿದರು, ದನಿಯ ಗುಂಡಿಯನ್ನು ಪೂರ್ತಿ ತಿರುಗಿಸಿದರು. "ರೆಕಾರ್ಡಿನ ಕರಕರ ಸದ್ದಲ್ಲಿ ಇದು ಮುಚ್ಚಿ ಹೋಗಿದೆ. ಇದ್ರಲ್ಲಿ ಇದೆ. ಕೇಳಿ." ಸ್ವರ ಏರಿತು, ನಿಂತಿತು. ಒಂದು. ಎರಡು. ಎಲ್ಲೋ ದೂರದಲ್ಲಿ, ಎಡಗಡೆ ಮೇಲೆ, ಸ್ಪಷ್ಟವಾಗಿ: "ಖ್ಹೂಂ. ಖೂಂ, ಖೂಂ." ಅದರ ಬೆನ್ನಿಗೇ, ಹತ್ತಿರದಲ್ಲಿ, ಲೋಕಪ್ರಸಿದ್ಧವಾದ ಆ ಇನ್ನೊಂದು.

"ಅದನ್ನೇ ನಕಲು ಮಾಡಿದ ಹಾಗೆ ನನಗೂ ಬಂತು. ಕೆಮ್ಮು ಅಂದ್ರೆ ಆಕಳಿಕೆ ಇದ್ದ ಹಾಗೆ ಸ್ವಾಮಿ, ಒಬ್ಬರಿಂದ ಒಬ್ಬರಿಗೆ ಹಬ್ಬುತ್ತೆ. ಮೇಲಿರೋನು ಸುಮ್ನಿದ್ದಿದ್ರೆ ನಾನು ಸಾಯೋವರೆಗೂ ಕೆಮ್ತಿರ್ಲಿಲ್ಲ. ಅವನು ಯಾರು ಅಂತ ಮೂವತ್ತೊಂದು ವರ್ಷದಿಂದ ಹುಡುಕ್ತಾ ಇದೀನಿ."

ಮಾಸ್ಟರು ರಾಯರ ಭುಜದ ಮೇಲಿಂದ ಕೈ ತೆಗೆದರು.

ಡಾಕ್ಟರು ಎದ್ದು ನಿಂತು ಬೆರಳುಗಳನ್ನು ಮಡಚಿ ಬಿಡಿಸಿಕೊಂಡರು. "ಹಾಗಾದ್ರೆ ಮುಳ್ಳು..."

"ಡಾಕ್ಟರಿಗೆ," ಎಂದರು ಮಾಸ್ಟರು.

ಹಳಿಗೆ ಕಟ್ಟುವ ಯೋಜನೆಯನ್ನು ಟೀಚರಮ್ಮನ ಮಧ್ಯಸ್ಥಿಕೆಯಿಂದ ಕೈಬಿಡಲಾಯಿತು. ಕೂಟದಿಂದ ಹೊರಗೆ ಹಾಕುವುದೂ ಬೇಡ, ಒಳಗೆ ಕೂರಿಸುವುದೂ ಬೇಡ ಎಂದು ತೀರ್ಮಾನವಾಗಿ, ರಾಯರ ಕುರ್ಚಿಯನ್ನು ಬಾಗಿಲಿನಿಂದಾಚೆ, ಚಪ್ಪಲಿಗಳ ಪಕ್ಕದಲ್ಲಿ ಹಾಕಲಾಯಿತು. ಆ ಸಂಜೆ, ಮುಚ್ಚಿಡಲು ಇನ್ನೇನೂ ಉಳಿಯದೆ ಕೆಳಗಿಳಿದು ಬಂದ ಗಂಡ ಹಾಡು ಗುನುಗುತ್ತಿದ್ದುದನ್ನು ಕಂಡು ಹೆಂಡತಿಗೆ ಗಾಬರಿಯಾಯಿತು.

ಪ್ರತಿ ಭಾನುವಾರ ನಾಲ್ಕು ಗಂಟೆಗೆ ನಿಶ್ಶಬ್ದರಾಯರು ಆ ಕುರ್ಚಿಯಲ್ಲಿ ಕೂರುತ್ತಾರೆ. ಹಾಡು ಮುಕ್ಕಾಲು ಪಾಲು ಕೇಳಿಸುತ್ತದೆ. ಕೆಮ್ಮು ಅಂದಿನಿಂದ ಒಮ್ಮೆಯೂ ಬಂದಿಲ್ಲ.